ಪಟ್ಟಿ ಓದಿಸಿದ ಕಾಕಾರಿಗೆ

ಭಾನುವಾರದ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಮಂಜೂರಾಯಿತು. ಗದುಗಿನಲ್ಲಿ ಅಚ್ಚಿನ ಕೆಲಸ ಮಾಡುವ ನಮ್ಮೆಲ್ಲರ ಸಂಘದ ಬಾಗಿಲು ಮುಚ್ಚುವುದಿಲ್ಲ. ಖಜಾಂಚಿಯಾಗಿ ಮೂರು ವರ್ಷ ಹೊತ್ತ ಭಾರ ಅಂದು ಇಳಿಯಿತು.

ಸಂಘ ಮುಚ್ಚುವ ಮಾತು ಬರುವಷ್ಟು ರೊಕ್ಕ ಕಡಿಮೆ ಬಿದ್ದದ್ದು ನಿಮಗೆಲ್ಲ ಗೊತ್ತು. ಒಂದು ಮಾತು ಮಾತ್ರ ಹೇಳಬೇಕು: ಯಾರೂ ಸಂಘದ ಹಣ ತಿಂದಿರಲಿಲ್ಲ. ಆಜೀವ ಸದಸ್ಯರು ಒಮ್ಮೆ ಕೊಟ್ಟದ್ದನ್ನು ಠೇವಣಿ ಇಟ್ಟು, ಅದರ ಬಡ್ಡಿಯಲ್ಲಿ ಬಾಡಿಗೆ, ಕರೆಂಟ್ ಬಿಲ್ಲು ತೂಗಿಸುತ್ತಿದ್ದೆವು. 2013ರಲ್ಲಿ ಶೇ 9ರ ಆಸುಪಾಸು ಇದ್ದ ಬಡ್ಡಿ 2020ರ ಕೊನೆಗೆ ಶೇ 5ರ ಹತ್ತಿರಕ್ಕೆ ಬಂತು. ಅದೇ ಹೊತ್ತಿಗೆ ಕೊರೊನಾ. ಲಗ್ನಪತ್ರಿಕೆ ವಾಟ್ಸ್‌ಆ್ಯಪ್‌ಗೆ ಹೋಯಿತು, ಜಾತ್ರೆಯ ಹ್ಯಾಂಡ್‌ಬಿಲ್ ನಿಂತಿತು, ವರ್ಷದ ಚಂದಾವೂ ನಿಂತಿತು. ಬಾಕಿದಾರರ ಹೆಸರು ತೆಗೆದುಹಾಕಬೇಕೆಂಬ ಠರಾವು ಬರೆದವನು ನಾನೇ.

ಸಭೆಗೆ ಎಂಟು ದಿನ ಮೊದಲು ಕಮಿಟಿಯಲ್ಲಿ ಜಗಳವಾಗಿ ಎಲ್ಲರೂ ಎದ್ದು ಹೋದ ರಾತ್ರಿ, ಕಾಕಾ ಒಬ್ಬರೇ ಕುಳಿತಿದ್ದರು. ನಲವತ್ತು ವರ್ಷ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸಿದ ಕೈ ಅವರದು.

"ಪಟ್ಟಿ ಓದು ತಮ್ಮಾ. ಒಂದೊಂದ ಹೆಸರು ಓದು."

ಓದಿದೆ. "ಅಂವ ಟ್ರೆಡಲ್ ಅಚ್ಚಿನ ಮಷಿನ್ ಮಾರ್ಯಾನ." "ಇವನ ಮಗ ಬೆಂಗಳೂರಿಗೆ ಹೋಗ್ಯಾನ, ಅಂಗಡಿಗೆ ಕೀಲಿ ಬಿದ್ದೈತಿ." "ಇವನ ಹಂತ್ಯಾಕ ರೊಕ್ಕ ಐತಿ, ಸಿಟ್ಟೂ ಐತಿ. ಕರದು ಮಾತಾಡ್ಸು." ಹದಿನೇಳನೆಯ ಹೆಸರಿಗೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂವ ತೀರಿಕೊಂಡು ಎರಡ ವರ್ಷಾತು."

ಆ ಎರಡು ವರ್ಷದಲ್ಲಿ ತೀರಿಕೊಂಡವರ ಮನೆಗೆ ಬಾಕಿಯ ಎರಡು ನೋಟಿಸು ಹೋಗಿದ್ದವು. ಎರಡಕ್ಕೂ ಸಹಿ ನನ್ನದು.

ಮುಂದೆ ಓದಲು ನನಗೆ ಆಗಲಿಲ್ಲ. ಕಾಕಾ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಫ್ಲಾಸ್ಕಿನಲ್ಲಿದ್ದ ಚಹಾ ಬಗ್ಗಿಸಿ ಕೊಟ್ಟು, ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು, ಉಳಿದ ಹೆಸರುಗಳನ್ನು ತಾವೇ ಓದಿದರು. ಮುಗಿದಾಗ ರಾತ್ರಿ ಮೂರು ಗಂಟೆ. ಆಮೇಲೆ ಕಿಸೆಯಿಂದ ಐದು ನೂರರ ನೋಟು ತೆಗೆದು, "ನಾ ಆಜೀವ ಸದಸ್ಯ. ಒಮ್ಮೆ ಕೊಟ್ಟು ಇಷ್ಟ ವರ್ಷ ಕುಂತೀನಿ. ಮೊದಲ ನನ್ನ ಪಾವತಿ ಚೀಟಿ ಹರಿ" ಎಂದರು.

ಕಾಕಾ ಕಣಗಿನಹಾಳದವರು. 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಊರು ಅದು. ರೊಕ್ಕದ ಲೆಕ್ಕವೂ ಮಂದಿಯ ಲೆಕ್ಕವೂ ಒಂದೇ ಪುಸ್ತಕದಲ್ಲಿರಬೇಕೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನನಗೆ ಆ ರಾತ್ರಿ ಕಲಿಸಬೇಕಾಯಿತು.

ಮರುದಿನ ಇಬ್ಬರೂ ಆ ಮನೆಗೆ ಹೋದೆವು. ಅಕ್ಕಾರು ಎರಡೂ ನೋಟಿಸನ್ನು ದೇವರ ಜಗಲಿಯ ಪಕ್ಕ ಮಡಚಿ ಇಟ್ಟಿದ್ದರು. "ಸಂಘದ ಕಾಗದರೀ, ಹರಿಯೂದು ಬ್ಯಾಡಂತ ಇಟ್ಟೀನಿ" ಎಂದರು. ಅವರ ಮುಂದೆ ಕೈಮುಗಿದು ತಪ್ಪಾಯಿತೆಂದೆ. ಇಲ್ಲಿ, ಎಲ್ಲರ ಮುಂದೆಯೂ ಹೇಳುತ್ತೇನೆ, ತಪ್ಪಾಯಿತು.

ಸಭೆಯಲ್ಲಿ ಠರಾವು ಹಿಂದೆ ತೆಗೆದುಕೊಂಡೆ. ಬಾಕಿ ಮನ್ನಾ ಮಾಡಲಿಲ್ಲ, ಅದು ಕಷ್ಟದಲ್ಲೂ ಕೊಟ್ಟವರಿಗೆ ಅನ್ಯಾಯ. ಕಂತು ಮಾಡಿದೆವು. ಆಫ್‌ಸೆಟ್ ಮಷಿನ್ ಇದ್ದವರಿಗೆ ಒಂದು ದರ, ಬೈಂಡಿಂಗ್ ಮಾಡುವವರಿಗೆ ಅದರ ಕಾಲು ಭಾಗ. ಕಾಕಾರ ಪಾವತಿ ನೋಡಿ ಆಜೀವ ಸದಸ್ಯರು ಒಬ್ಬೊಬ್ಬರಾಗಿ ಎದ್ದು ಬಂದದ್ದನ್ನು ನಾನು ಮರೆಯುವುದಿಲ್ಲ.

ವರದಿಯನ್ನು ಉದ್ರಿಯಲ್ಲಿ ಅಚ್ಚು ಹಾಕಿದ ಗೆಳೆಯರಿಗೆ, ಲೆಕ್ಕ ತಿದ್ದಿಕೊಟ್ಟ ಆಡಿಟರ್ ಸಾಹೇಬರಿಗೆ, ಜಗಳವಾಡಿಯೂ ಮರಳಿ ಬಂದ ಕಮಿಟಿಯವರಿಗೆ, ತಡರಾತ್ರಿ ಬಾಗಿಲು ತೆರೆದ ಮನೆಯಾಕೆಗೆ ಮನಸಾರೆ ಶರಣು.

ಕಾಕಾ, ಸೋಮವಾರ ಮುಂಜಾನೆ ಪಾವತಿ ಪುಸ್ತಕ ತಗೊಂಡು ಬರತೀನಿ. ಇನ್ನೂ ಹನ್ನೊಂದು ಮನಿ ಉಳದಾವ.