ಅವ್ವನ ಪಾಸ್‌ಬುಕ್ಕಿನ್ಯಾಗ ಹತ್ತು ಸಾವಿರ ದಾಟಿದ್ರ ಯಾರಿಗೆ ಹೇಳ್ಬೇಕ್ರಿ?

ಸಂಪಾದಕರಿಗೆ ನಮಸ್ಕಾರ್ರಿ,

ನಮ್ಮವ್ವ ಬೆಟಗೇರಿಯಾಗ ಒಬ್ಬಾಕಿನ ಇರ್ತಾಳ, ವಯಸ್ಸು ಎಪ್ಪತ್ತರ ಮ್ಯಾಲೆ, ಜೀವನಪೂರ್ತಿ ಮಗ್ಗದ ಮನ್ಯಾಗ ಕಂಡಿಕಿ ಸುತ್ತಿದಾಕಿ. ನಾ ಹುಬ್ಬಳ್ಳಿಯಾಗ ಇರ್ತೀನಿ, ಹದಿನೈದು ದಿನಕ್ಕೊಮ್ಮೆ ಹೋಗಿ ನೋಡ್ಕೊಂಡ್ ಬರ್ತೀನಿ. ಆಕಿಗೆ ವಯಸ್ಸಾದೋರಿಗೆ ರಾಜ್ಯ ಸರ್ಕಾರ ಕೊಡೋ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1200 ಬರ್ತೈತಿ (ನಮ್ಮ ಕಡೆ ಅದಕ್ಕ ಪಗಾರ ಅಂತಾರ), ಗೃಹಲಕ್ಷ್ಮಿದು 2000. ಹೋದ ತಿಂಗಳು ಪಾಸ್‌ಬುಕ್ ಎಂಟ್ರಿ ಮಾಡ್ಸಿದ್ರ 23 ಸಾವಿರ ಚಿಲ್ಲರ ಇತ್ತು. ನಂಗ ಖುಷಿ ಆತು, ಅವ್ವನ ಎದಿ ಧಸಕ್ ಅಂತು, ಯಾಕಂದ್ರ ಓಣ್ಯಾಗ ಯಾರೋ ಹೇಳಿಬಿಟ್ಟಿದ್ರಂತ, ಖಾತೆದಾಗ ಹತ್ತು ಸಾವಿರದ ಮ್ಯಾಲೆ ಇದ್ರ ಪಗಾರ ಬಂದ್ ಅಂತ.

ನಾ ಮೊದ್ಲು ಕಟ್ಟಿ ಮ್ಯಾಲಿನ ಮಾತು ಅಂದ್ಕೊಂಡೆ. ನೋಡಿದ್ರ ಖರೇನ ಐತಿ. 2007ರಾಗ ಸಂಧ್ಯಾ ಸುರಕ್ಷಾ ಯೋಜನೆ ಶುರು ಆದಾಗಿನ ಷರತ್ತು ಅದು, ಗಂಡ ಹೆಂಡ್ತಿ ಇಬ್ಬರದೂ ಸೇರಿ ಠೇವಣಿ 10,000 ದಾಟಬಾರದು. ಆಗ ಪಗಾರ 400 ಇತ್ತು, ಏರ್ಕೋಂತ ಏರ್ಕೋಂತ 1200 ಆಗೈತಿ, ಹತ್ತು ಸಾವಿರ ಮಾತ್ರ ಕುಂತಲ್ಲೇ ಕುಂತೈತಿ. ಆಗ ಹತ್ತು ಸಾವಿರಕ್ಕ ಒಂದು ತೊಲಿ ಬಂಗಾರ ಬಂದು ಮ್ಯಾಲೆ ಚಾ ಕುಡಿಯಾಕ ರೊಕ್ಕ ಉಳಿತಿತ್ತು, ಈಗ ಒಂದು ಗ್ರಾಂ ಸಿಗೋದ ಕಷ್ಟ. ಲೆಕ್ಕ ಹಾಕ್ರಿ ನೀವ, ಅವ್ವ ಒಂಬತ್ತು ತಿಂಗಳು ಪಗಾರ ಮುಟ್ಟಲಿಲ್ಲ ಅಂದ್ರ 10,800 ಆತು. ಗೃಹಲಕ್ಷ್ಮಿ ಆರು ತಿಂಗಳು ಮುಟ್ಟಲಿಲ್ಲಂದ್ರ 12,000, ಅದರಾಗ ಅದು ಎರಡ್ಮೂರು ತಿಂಗಳದ್ದು ಒಮ್ಮೆಲೆ ಬಂದು ಬೀಳ್ತೈತಿ. ಅಂದ್ರ ಸರ್ಕಾರ ಕೊಟ್ಟ ರೊಕ್ಕನ ಆಕಿನ್ನ ಸಾವ್ಕಾರ್ತಿ ಮಾಡ್ತೈತಿ!

ಇನ್ನ ಠೇವಣಿ ಅಂದ್ರೇನ್ರಿ? ಎಫ್‌ಡಿ ಅಷ್ಟ ಏನು, ಇಲ್ಲಾ ಉಳಿತಾಯ ಖಾತೆ ಬ್ಯಾಲೆನ್ಸೂ ಸೇರ್ತೈತೋ? ಸೇರ್ತೈತಿ ಅಂದ್ರ ಮುಚ್ಚಿಡೋದು ಬ್ಯಾಡ, ಹೇಳಿಬಿಡೂಣು ಅಂತ ನಾನ ಅವ್ವನ್ನ ಕರ್ಕೊಂಡು ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಬರ್ಯಾಂಗಿಲ್ಲ, ಪಾಪ ಅವರ ತಪ್ಪೂ ಅಲ್ಲ. ಅರ್ಜಿ ಹಾಕಾಕ ಫಾರ್ಮ್ ಐತಿ, ಅಡ್ರೆಸ್ ಬದಲಾದ್ರ ಹೇಳಾಕ ದಾರಿ ಐತಿ, ಉಳಿತಾಯ ಜಾಸ್ತಿ ಆಗೈತಿ ಅಂತ ಹೇಳಾಕ ಒಂದು ಹಾಳಿ ಇಲ್ಲ. ಕೌಂಟರ್‌ದಾಗಿದ್ದ ಹುಡುಗ ನಮ್ಮನ್ನ ಒಂಥರಾ ನೋಡಿ, "ಯಾರರ ಕೇಳ್ಯಾರೇನಬೇ ನಿಮಗ? ಸುಮ್ನ ಮನಿಗೆ ಹೋಗ್ರಿ" ಅಂದ. ಇವತ್ತು ಸುಮ್ನ ಹೋಗ್ತೀವ್ರಿ, ನಾಳೆ ಆಧಾರ್ ಹಾಕಿ ಯಾರರ ತಪಾಸ ಮಾಡಿದ್ರ ಮುಚ್ಚಿಟ್ಟೋರು ನಾವ ಆಗ್ತೀವಲ್ಲ? 2024ರ ನವೆಂಬರ್‌ದಾಗ ಬಿಪಿಎಲ್ ಕಾರ್ಡ್ ಎಪಿಎಲ್ ಆಗಿ ಎಷ್ಟ್ ಗದ್ದಲ ಆತು, ಆಮ್ಯಾಲೆ ಸರ್ಕಾರ ಹಿಂದ ಸರೀತು, ಅದನ್ನ ನೋಡಿದ ಮಂದಿ ಹೆದರ್ದ ಇರ್ತಾರೇನ್ರಿ.

ಪೋಸ್ಟ್‌ಮನ್ ಪಗಾರ ಮನಿಗೆ ತಂದು ಕೊಡೋ ಕಾಲದಾಗ ಅವ್ವ ಅದನ್ನ ಟ್ರಂಕಿನ್ಯಾಗ ಸೀರಿ ಮಡಿಕ್ಯಾಗ ಇಡ್ತಿದ್ಲು, ಯಾರೂ ಎಣಿಸ್ಲಿಲ್ಲ. ಖಾತೆ ತಗೀರಿ, ಬ್ಯಾಂಕಿನ್ಯಾಗ ಇಡ್ರಿ ಅಂದೋರು ಇವರ. ಈಗ್ಲೂ ಬಡ್ಡಿಗೆ ಬಿಟ್ಟೋರು, ಕಿವ್ಯಾಗ ಬಂಗಾರ ಹಾಕ್ಕೊಂಡೋರು ಸಿಗಾಂಗಿಲ್ಲ, ಪಾಸ್‌ಬುಕ್ಕಿನ್ಯಾಗ ಇಟ್ಟಾಕಿ ಸಿಗ್ತಾಳ. ಅವ್ವ ಕೂಡಿಡೋದು ಏನು ಮಜಾ ಮಾಡಾಕ ಅಲ್ಲ, ತಾ ಸತ್ತ ಮ್ಯಾಲೆ ಮಣ್ಣು ಮಾಡಾಕ ಯಾರ ಮುಂದೂ ಕೈ ಒಡ್ಡಬಾರದಂತ. ಬಾಯಿ ಬಿಟ್ಟು ಹೇಳ್ತಾಳ ಅದನ್ನ, ಕೇಳಾಕ ನಮಗ ಕಷ್ಟ.

ಆ ಹತ್ತು ಸಾವಿರವನ್ನ ಈಗಿನ ರೇಟಿಗೆ ಏರಿಸ್ರಿ, ಪಿಂಚಣಿ ಗೃಹಲಕ್ಷ್ಮಿ ರೊಕ್ಕ ಅದರಾಗ ಹಿಡೀಬ್ಯಾಡ್ರಿ, ತಾನಾಗೇ ಬಂದು ಹೇಳ್ದೋರಿಗೆ ಶಿಕ್ಕಾ ಹೊಡ್ದು ಒಂದು ಸ್ವೀಕೃತಿ ಚೀಟಿ ಕೊಡ್ರಿ. ಚೀಟಿ ಕೊಡಾಕ ಬಜೆಟ್ ಏನೂ ಬೇಕಾಗಿಲ್ಲ. ನಮ್ಮ ಜಿಲ್ಲಾದ ಶಾಸಕರು ಯಾರರ ಇದನ್ನ ಓದಿದ್ರ ಸದನದಾಗ ಒಂದು ಪ್ರಶ್ನೆ ಕೇಳ್ರಿ, ಠೇವಣಿ ಅಂದ್ರೇನಂತಾದ್ರೂ ಗೊತ್ತಾಗ್ಲಿ.

ಅವ್ವ ದಿನಾ ಸಂಜಿಮುಂದ ಫೋನ್ ಹಚ್ಚಿ "ಆ ರೊಕ್ಕ ತಗ್ಸೀಯೇನ?" ಅಂತ ಕೇಳ್ತಾಳ. ನಾ ಇನ್ನೂ ತಗ್ಸಿಲ್ರಿ.

ಇಂತಿ ನಿಮ್ಮ ಪೇಪರ್ ಓದೋ ಒಬ್ಬ ಮಗಳು,
ಹುಬ್ಬಳ್ಳಿ