ಭೂಕಂಪದ ನಂತರದ ಕತ್ತಲನ್ನು ಎಚ್ಚರದಿಂದ ಓದಬೇಕು

ಮಾನ್ಯ ಸಂಪಾದಕರೇ,

ಭೂಕಂಪದ ಮೊದಲಿನ ಮತ್ತು ನಂತರದ ರಾತ್ರಿ ಬೆಳಕಿನ ಉಪಗ್ರಹ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು, ಕತ್ತಲಾದ ಪ್ರದೇಶವೆಲ್ಲ ನೆಲಸಮವಾಗಿದೆ ಎಂದು ಭಾವಿಸುವುದು ಸರಿಯಲ್ಲ.

2011ರಲ್ಲಿ ಉಡಾವಣೆಗೊಂಡ ಸುವೋಮಿ ಎನ್‌ಪಿಪಿ ಉಪಗ್ರಹದ ವಿಐಐಆರ್‌ಎಸ್ ಉಪಕರಣವು ಸ್ಥಳೀಯ ಕಾಲಮಾನ ರಾತ್ರಿ ಸುಮಾರು 1.30ರ ಹೊತ್ತಿಗೆ ಭೂಮಿಯ ಮಂದ ಬೆಳಕನ್ನೂ ದಾಖಲಿಸಬಲ್ಲದು. ರಸ್ತೆ ಮುಚ್ಚಿ, ದೂರವಾಣಿ ಸಂಪರ್ಕ ಕಡಿದುಹೋದ ಮೊದಲ ದಿನಗಳಲ್ಲಿ ಎಲ್ಲೆಲ್ಲಿ ವಿದ್ಯುತ್ ಇಲ್ಲವೆಂಬುದನ್ನು ಇಷ್ಟು ವಿಶಾಲವಾಗಿ ತೋರಿಸುವ ಸಾಧನಗಳು ವಿರಳ. ಮುಂದಿನ ವಾರಗಳಲ್ಲಿ ಬೆಳಕು ಎಲ್ಲಿ ಮರಳಿತು, ಎಲ್ಲಿ ಮರಳಲಿಲ್ಲ ಎಂಬ ಮಾಹಿತಿಯಂತೂ ಇನ್ನೂ ಅಮೂಲ್ಯವೆಂದು ನಾನು ನಂಬಿದ್ದೇನೆ.

ಆದರೆ ಚಿತ್ರದ ಒಂದೊಂದು ಚುಕ್ಕೆಯೂ ಸುಮಾರು 750 ಮೀಟರ್ ಅಗಲದ ನೆಲವನ್ನು ಪ್ರತಿನಿಧಿಸುವುದರಿಂದ ಒಂದು ಕಟ್ಟಡ ಕುಸಿದದ್ದು ಅದರಲ್ಲಿ ಕಾಣುವುದಿಲ್ಲ. ದೂರದ ವಿದ್ಯುತ್ ಉಪಕೇಂದ್ರವೊಂದು ಸ್ಥಗಿತಗೊಂಡರೆ ಗಟ್ಟಿಯಾಗಿ ನಿಂತ ಮನೆಗಳೂ ಕತ್ತಲಾಗುತ್ತವೆ. ಕುಸಿದ ಬೀದಿಯೇ ರಕ್ಷಣಾ ಕಾರ್ಯದ ದೀಪಗಳಿಂದ ಬೆಳಗಬಹುದು. ಮೋಡ ಮತ್ತು ಬೆಳದಿಂಗಳು ಕೂಡ ದಾರಿ ತಪ್ಪಿಸುವುದರಿಂದ ಒಂದೇ ರಾತ್ರಿಯನ್ನಲ್ಲ, ಹಲವು ರಾತ್ರಿಗಳ ಸರಾಸರಿಯನ್ನು ಹೋಲಿಸಬೇಕು.

ನನ್ನನ್ನು ಹೆಚ್ಚು ಕಾಡುವುದು ಮೊದಲೇ ದೀಪಗಳು ವಿರಳವಾಗಿರುವ ಹಳ್ಳಿಗಳ ಸ್ಥಿತಿ. 2015ರ ನೇಪಾಳ ಭೂಕಂಪದಲ್ಲಿ ಸಿಂಧುಪಾಲ್ಚೋಕ್‌ನ ಬೆಟ್ಟದ ಊರುಗಳು ತೀವ್ರ ಹಾನಿಗೊಳಗಾದವು. ಅಂಥ ಚದುರಿದ ಊರುಗಳಲ್ಲಿ ಆರಿಹೋಗಲು ಬೆಳಕೇ ಕಡಿಮೆ ಇರುವಾಗ, ಈ ಚಿತ್ರವನ್ನಷ್ಟೇ ನಂಬಿದರೆ ನೆರವು ಪಟ್ಟಣಗಳತ್ತಲೇ ಹರಿಯುವ ಅಪಾಯವಿದೆ. ಆದ್ದರಿಂದ ರಾಡಾರ್ ಚಿತ್ರ ಹಾಗೂ ಸ್ಥಳ ಪರಿಶೀಲನೆಯ ಜೊತೆಯಲ್ಲೇ ಇವನ್ನು ಬಳಸಬೇಕು. ಪತ್ರಿಕೆಗಳೂ ಚಿತ್ರದ ದಿನಾಂಕ ಮತ್ತು ಮೋಡದ ವಿವರವನ್ನು ತಪ್ಪದೆ ಮುದ್ರಿಸಬೇಕೆಂದು ಕೋರುತ್ತೇನೆ.

ಇಂತಿ,
ಪತ್ರಿಕೆಯ ಓದುಗ