ನಮ್ಮ ವಾರ್ಡಿಗೊಬ್ಬ ಕಾರ್ಪೊರೇಟರ್ ಕೊಡ್ಸಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಈ ಪತ್ರ ಬಹಳ ದಿನದಿಂದ ಬರೀಬೇಕು ಅಂದ್ಕೊಂಡು, ನಿಮಗೂ ನೂರೆಂಟು ತಲೆನೋವು ಇರುತ್ತೆ ಅಂತ ಸುಮ್ನಾಗ್ತಿದ್ದೆ. ಇನ್ನು ತಡ್ಕೊಳ್ಳೋಕೆ ಆಗ್ತಿಲ್ಲ. ನಾನು ಕೇಳೋದು ಒಂದೇ: ಬೆಂಗಳೂರಿನ ಪಾಲಿಕೆಗಳಿಗೆ ಚುನಾವಣೆ ಮಾಡ್ಸಿ, ನಮ್ಮ ವಾರ್ಡಿಗೊಬ್ಬ ಕಾರ್ಪೊರೇಟರ್ ಕೊಡ್ಸಿ.

ನಮ್ದು ಅವೆನ್ಯೂ ರೋಡ್ ಪಕ್ಕದ ಗಲ್ಲಿಯಲ್ಲಿ ಲಗ್ನಪತ್ರಿಕೆ ಅಂಗಡಿ, ಅಪ್ಪನ ಕಾಲದ್ದು. ಮದುವೆ ಸೀಸನ್‌ನಲ್ಲಿ ತುಮಕೂರು, ಶಿರಾ, ಕೋಲಾರ, ಆಂಧ್ರದ ಹಿಂದೂಪುರ ಕಡೆಯಿಂದೆಲ್ಲ ಜನ ಬರ್ತಾರೆ. ಚಿಕ್ಕಪೇಟೆಯಲ್ಲಿ ಸೀರೆ, ರಾಜಾ ಮಾರ್ಕೆಟ್‌ನಲ್ಲಿ ತಾಳಿ, ನಮ್ಮಲ್ಲಿ ಪತ್ರಿಕೆ, ಕೊನೆಗೆ ಕೆ.ಆರ್. ಮಾರ್ಕೆಟ್ ಹೂವು, ಒಂದು ಇಡೀ ಮದುವೆ ಈ ಒಂದೆರಡು ಮೈಲಿ ಒಳಗೇ ಮುಗಿದುಹೋಗುತ್ತೆ. ಅಂಥಾ ಜಾಗ ಇದು.

ಹೋದ ಸೀಸನ್‌ನಲ್ಲಿ ಒಂದು ರಾತ್ರಿ ಮಳೆ ಬಂತು, ಭಾರೀ ಮಳೆಯೇನಲ್ಲ. ಬೆಳಿಗ್ಗೆ ಶಟರ್ ಎತ್ತಿದ್ರೆ ಅಂಗಡಿ ಒಳಗೆ ಕಾಲಿಡೋ ಹಂಗಿಲ್ಲ. ಗಲ್ಲಿಯ ಮ್ಯಾನ್‌ಹೋಲ್ ಕಟ್ಕೊಂಡು ಕೊಳಚೆಯೆಲ್ಲ ಒಳಗೆ ನುಗ್ಗಿತ್ತು. ಕೆಳಗಿನ ರ‍್ಯಾಕ್‌ನಲ್ಲಿ ಡೆಲಿವರಿಗೆ ರೆಡಿ ಇದ್ದ ಪತ್ರಿಕೆ ಕಟ್ಟುಗಳೆಲ್ಲ ಕಪ್ಪು ನೀರು ಹೀರ್ಕೊಂಡು ಉಬ್ಬಿ ನಿಂತಿದ್ವು, ಚಿನ್ನದ ಬಣ್ಣದ ಗಣೇಶ ಕಿತ್ಕೊಂಡು ಪಕ್ಕದ ಕವರ್‌ಗೆ ಅಂಟ್ಕೊಂಡಿದ್ದ. ಅದೇ ಹೊತ್ತಿಗೆ ಶಿರಾ ಕಡೆಯ ಒಬ್ರು, ಹುಡುಗಿ ತಂದೆ, ಮೊದಲ ಪತ್ರಿಕೆ ಮನೆದೇವರಿಗೆ ಇಡಬೇಕು ಅಂತ ಮೊದಲನೇ ಬಸ್ಸಿಗೆ ಹೊರಟು ಬಂದಿದ್ರು. ಕೈಚೀಲದಲ್ಲಿ ಅರಿಶಿನ ಕುಂಕುಮದ ಪೊಟ್ಟಣನೂ ಇತ್ತು. ಮೆಟ್ಟಿಲ ಮೇಲೇ ನಿಂತು ನೋಡಿದ್ರು. ಬೈಲಿಲ್ಲ. "ಅಣ್ಣಾ, ನನ್ನ ಮಗಳ ಹೆಸ್ರು ಕೊಳಚೆಯಾಗ್ ಬಿದ್ದೈತಲ್ಲ, ಇದನ್ನ ದೇವ್ರ ಮುಂದೆ ಹೆಂಗಿಡ್ಲಿ" ಅಂದ್ರು. ನಾನು ಏನು ಉತ್ತರ ಕೊಡ್ಲಿ ಸ್ವಾಮಿ? ಕೈಯಿಂದ ದುಡ್ಡು ಹಾಕಿ, ಪ್ರೆಸ್ಸಿನವರ ಕೈಕಾಲು ಹಿಡಿದು, ರಾತ್ರಿಯೆಲ್ಲ ಮತ್ತೆ ಪ್ರಿಂಟ್ ಹಾಕ್ಸಿ ಕಳಿಸ್ದೆ. ದುಡ್ಡು ಹೋದ್ರೆ ಹೋಗ್ಲಿ, ಆ ಮನುಷ್ಯನ ಮುಖ ಮಾತ್ರ ಇನ್ನೂ ಕಣ್ಮುಂದೆ ಇದೆ.

ಆಮೇಲೆ ಶುರುವಾಯ್ತು ಅಲೆದಾಟ. ಒಂದು ಆಫೀಸಿಗೆ ಹೋದ್ರೆ ಇದು ಮಳೆನೀರು ಚರಂಡಿ, ನಮ್ದಲ್ಲ ಅಂತಾರೆ. ಇನ್ನೊಂದಕ್ಕೆ ಹೋದ್ರೆ ಇದು ಯುಜಿಡಿ ಲೈನು, ಅಂದ್ರೆ ನೆಲದೊಳಗಿನ ಒಳಚರಂಡಿ, ಅವರನ್ನೇ ಕೇಳಿ ಅಂತಾರೆ. ಒಬ್ಬ ಇಂಜಿನಿಯರ್ ಬಂದು ನೋಡಿ ತಲೆ ಆಡ್ಸಿ ಹೋದ್ರು, ಮತ್ತೆ ಹೋಗಿ ವಿಚಾರಿಸಿದ್ರೆ ಅವರು ಟ್ರಾನ್ಸ್‌ಫರ್ ಆಗಿದ್ದಾರೆ. ಫೋಟೋ ಸಮೇತ ಆನ್‌ಲೈನ್ ಕಂಪ್ಲೇಂಟ್ ಹಾಕಿದ್ವಿ. ನೀರು ಇನ್ನೂ ಗಲ್ಲಿಯಲ್ಲೇ ನಿಂತಿರೋವಾಗ ನಿಮ್ಮ ದೂರು ಪರಿಹಾರವಾಗಿದೆ ಅಂತ ಮೆಸೇಜ್ ಬಂತು. ಯಾರಿಗೆ ಪರಿಹಾರ ಆಯ್ತು? ಆ ಮೆಸೇಜ್ ಕಳಿಸಿದವರು ಯಾರು, ಅವರ ಮೇಲಿನವರು ಯಾರು, ನಾವು ಯಾರ ಕೊರಳಪಟ್ಟಿ ಹಿಡೀಬೇಕು, ಹೇಳೋರೇ ಇಲ್ಲ.

ಮುಂಚೆ ಕಾರ್ಪೊರೇಟರ್ ಇದ್ರು. ಅವರೆಲ್ಲ ಸತ್ಯಹರಿಶ್ಚಂದ್ರರು ಅಂತ ನಾನು ಹೇಳಲ್ಲ, ಅವರ ಕಾಲದ ಕಾಮಗಾರಿ ಎಂಥದ್ದು ಅಂತ ಪೇಟೆಯವರಿಗೆಲ್ಲ ಗೊತ್ತು. ಆದ್ರೂ ಬೆಳಿಗ್ಗೆ ಅವರ ಮನೆ ಮುಂದೆ ನಾಲ್ಕು ಜನ ಹೋಗಿ ನಿಂತ್ರೆ ಮಧ್ಯಾಹ್ನಕ್ಕೆ ಚರಂಡಿ ಕ್ಲೀನ್ ಮಾಡೋ ಜೆಟ್ಟಿಂಗ್ ಮಿಷಿನ್ ಗಲ್ಲಿಗೆ ಬರ್ತಿತ್ತು, ಯಾಕಂದ್ರೆ ಅದೇ ಮನೆಗಳಿಗೆ ಮತ್ತೆ ವೋಟ್ ಕೇಳ್ಕೊಂಡು ಬರ್ಬೇಕಿತ್ತಲ್ಲ. ಈಗಿರೋ ಯಾವ ಅಧಿಕಾರಿ ನಮ್ಮ ಹತ್ರ ವೋಟ್ ಕೇಳ್ಬೇಕು?

ಕಾನೂನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಸಂವಿಧಾನದ 243ಯು ವಿಧಿ ನಿಮಗೇ ಗೊತ್ತು, ಪಾಲಿಕೆಯ ಐದು ವರ್ಷ ಮುಗಿಯೋದರ ಒಳಗೆ ಚುನಾವಣೆ ಆಗಿರಬೇಕು. ಪಾಲಿಕೆಗೆ ನಾವು ಕೊನೆಗೆ ವೋಟ್ ಹಾಕಿದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೆ ಮುಗೀತು. ಅಲ್ಲಿಂದ ಐದು ವರ್ಷದ ಮೇಲಾದ್ರೂ ಬರೀ ಆಡಳಿತಾಧಿಕಾರಿಗಳೇ. 198 ವಾರ್ಡ್ ಇದ್ದಿದ್ದು 243 ಅಂದ್ರಿ, ಆಮೇಲೆ 225 ಅಂದ್ರಿ, ಆಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಇಡೀ ಊರಿಗೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿನೇ ತೆಗೆದು ಐದು ಪಾಲಿಕೆ ಮಾಡಿದ್ರಿ, ವಾರ್ಡ್ 369 ಆಯ್ತು. ಗೆರೆ ಎಳೆಯೋದು, ಅಳಿಸೋದು, ಮತ್ತೆ ಎಳೆಯೋದು. ಇದರಲ್ಲಿ ಒಂದು ಪಕ್ಷ ಅಂತೇನಿಲ್ಲ, ಯಾರು ಬಂದ್ರೂ ಇದೇ ಹಾಡು. 2006ರಲ್ಲಿ ಕೌನ್ಸಿಲ್ ಮುಗಿದಾಗಲೂ 2010ರವರೆಗೆ ಎಳೆದ್ರಲ್ಲ! ವಿಧಾನಸಭೆ ಚುನಾವಣೆ ಮಾತ್ರ ಹೇಳಿದ ಟೈಮಿಗೆ ಆಗುತ್ತೆ, ನಿಮ್ಮದು ಒಂದು ದಿನ ತಡ ಆಗಲ್ಲ. ನಮ್ದಕ್ಕೆ ಯಾಕೆ ಈ ಗತಿ?

ವೇದಿಕೆ ಸಿಕ್ಕಿದ್ರೆ ಸಾಕು ಬೆಂಗಳೂರು ಜಾಗತಿಕ ನಗರ ಅಂತೀರಿ. ಸುಳ್ಳಲ್ಲ, ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಈ ಊರಿಂದಲೇ ಬರುತ್ತೆ, ಜಿಎಸ್‌ಟಿ ಕಟ್ಟೋ ನನ್ನಂಥ ಸಣ್ಣ ಅಂಗಡಿಯವನ ಬೆವರೂ ಅದರಲ್ಲಿದೆ. ಬರೀ ಐಟಿ ಪಾರ್ಕ್ ಅಲ್ಲ ಬೆಂಗಳೂರು ಅಂದ್ರೆ. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದಾಗ ಊರು ಅಂದ್ರೆ ಈ ಪೇಟೆನೇ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ, ಒಂದೊಂದು ಕಸುಬಿಗೆ ಒಂದೊಂದು ಬೀದಿ. ಶಿವನಸಮುದ್ರದ ಕರೆಂಟ್‌ನಿಂದ 1905ರಲ್ಲಿ ಬೀದಿದೀಪ ಹತ್ತಿದ್ದೂ ಇಲ್ಲೇ ಮಾರ್ಕೆಟ್ ಹತ್ರ. ಎಸ್.ಪಿ. ರೋಡ್‌ನಲ್ಲಿ ಇವತ್ತಿಗೂ ಕಂಪ್ಯೂಟರ್ ಬಿಡಿಭಾಗಕ್ಕೆ ಎಲ್ಲಿಂದೆಲ್ಲಿಂದಲೋ ಬರ್ತಾರೆ. ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಇದೇ ಬೀದಿಗಳಲ್ಲಿ ಸುತ್ತಿ, ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ ಬೆಳಗಿನ ಹೊತ್ತಿಗೆ ಗುಡಿ ಸೇರುತ್ತೆ. ಆ ಒಂದು ವಾರ ಮಾತ್ರ ನಮ್ಮ ರಸ್ತೆಗೆ ತೇಪೆ, ಬ್ಲೀಚಿಂಗ್ ಪೌಡರ್ ಎಲ್ಲ ಬೀಳುತ್ತೆ. ಮಿಕ್ಕ ದಿನ ಇಲ್ಲಿ ಬದುಕೋರು ಮನುಷ್ಯರಲ್ವಾ?

1898ರಲ್ಲಿ ಪ್ಲೇಗ್ ಬಂದು ಪೇಟೆ ಜನ ಸತ್ತಾಗ ಬಸವನಗುಡಿ, ಮಲ್ಲೇಶ್ವರ ಅಂತ ಗಾಳಿ ಬೆಳಕಿನ ಬಡಾವಣೆ ಮಾಡಿದ್ರು. ಅಲ್ಲಿಗೆ ಹೋಗೋಕೆ ಆದವರು ಹೋದ್ರು, ಆಗದವರು ಇಲ್ಲೇ ಉಳಿದ್ರು. ಅಷ್ಟು ವರ್ಷದ ಹಿಂದೆ ಕಲಿತ ಪಾಠ ಇದು, ಚರಂಡಿ ಸರಿ ಇಲ್ಲದಿದ್ರೆ ಜನ ಸಾಯ್ತಾರೆ ಅಂತ. ನಮ್ಮ ಗಲ್ಲಿಯಲ್ಲಿ ಮೇಲುಗಡೆ ಮನೆಗಳೂ ಇವೆ ಸಾರ್, ಮಕ್ಕಳು ಅದೇ ನೀರು ದಾಟ್ಕೊಂಡು ಸ್ಕೂಲಿಗೆ ಹೋಗ್ತಾವೆ.

ಪಾಲಿಕೆ ಕೆಲಸನೂ ನಾನೇ ನೋಡ್ತೀನಿ ಅಂತ ನೀವು ಹೇಳ್ಬಹುದು. ನಿಮ್ಮ ಕಚೇರಿಗೂ ಬಂದಿದ್ವಿ, ನಿಮ್ಮ ಪಿಎ ಹೆಸರು ನಂಬರ್ ಬರ್ಕೊಂಡ್ರು, ಅಷ್ಟೇ. ತಪ್ಪು ತಿಳ್ಕೋಬೇಡಿ, ಲಕ್ಷಗಟ್ಟಲೆ ಜನಕ್ಕೆ ಒಬ್ಬರೇ ಇರೋ ನೀವು ಪ್ರತಿ ಗಲ್ಲಿಯ ಮ್ಯಾನ್‌ಹೋಲ್ ನೋಡೋಕೂ ಆಗಲ್ಲ, ನೋಡಲೂಬಾರದು. ನಿಮ್ಮ ಕೆಲಸ ಕಾನೂನು ಮಾಡೋದು. ಚರಂಡಿ ನೋಡೋಕೆ ಬೇರೆಯವರು ಬೇಕು, ಅವರನ್ನ ಆರಿಸೋ ಹಕ್ಕು ನಮ್ದು, ಅದನ್ನ ವಾಪಸ್ ಕೊಡ್ಸಿ. ವಾರ್ಡ್ ಮಟ್ಟದಲ್ಲಿ ಇನ್ನೊಬ್ಬ ನಾಯಕ ಹುಟ್ಕೊಂಡ್ರೆ ತಮಗೆ ಪೈಪೋಟಿ ಅಂತ ಶಾಸಕರಿಗೇ ಈ ಚುನಾವಣೆ ಬೇಡ ಅಂತ ಪೇಟೆಯಲ್ಲಿ ಜನ ಬಾಯಿಬಿಟ್ಟೇ ಮಾತಾಡ್ತಾರೆ. ಅದು ಸುಳ್ಳು ಅಂತ ತೋರಿಸೋದು ನಿಮ್ಮ ಕೈಯಲ್ಲೇ ಇದೆ.

ಅನುದಾನದ ಘೋಷಣೆ, ಗುದ್ದಲಿ ಪೂಜೆ, ಫ್ಲೆಕ್ಸ್ ಯಾವುದೂ ನಮಗೆ ಬೇಡ. ಸದನದಲ್ಲಿ ಎದ್ದು ನಿಂತು ಬೆಂಗಳೂರಿನ ಐದು ಪಾಲಿಕೆಗಳ ಚುನಾವಣೆ ಯಾವ ತಾರೀಖು ಅಂತ ಕೇಳಿ, ಉತ್ತರ ಬರೋವರೆಗೂ ಕೂರಬೇಡಿ. ಬಂದ ತಾರೀಖನ್ನ ನಮ್ಮ ಗಲ್ಲಿಗೆ ಬಂದು ನಮ್ಮ ಮುಂದೆ ಹೇಳಿ. ಚುನಾವಣೆ ಮಾಡ್ಸಿ, ನಮ್ಮ ವಾರ್ಡಿಗೊಬ್ಬ ಕಾರ್ಪೊರೇಟರ್ ಕೊಡ್ಸಿ. ಮತ್ತೆ ಅಲ್ಲೀವರೆಗೂ ಆ ಮ್ಯಾನ್‌ಹೋಲ್ ಯಾರ ಜವಾಬ್ದಾರಿ ಅಂತ ಒಬ್ಬ ಅಧಿಕಾರಿ ಹೆಸರು ಬರೆದು ಕೊಡ್ಸಿ, ಮುಂದಿನ ಮಳೆಗಾಲದ ಒಳಗೆ.

ಇಂತಿ,
ಅವೆನ್ಯೂ ರೋಡ್ ಗಲ್ಲಿಯ ಒಬ್ಬ ಅಂಗಡಿಯವ, ನಿಮ್ಮ ಮತದಾರ